ಚೀಟಿ ಜೇಬಲ್ಲೇ ಉಳಿಯದಿರಲಿ

ಬಾಯಿ ಕ್ಯಾನ್ಸರಿನಿಂದ ಗುಣವಾದವರು ಆಶಾ ಕಾರ್ಯಕರ್ತೆಯ ಜೊತೆ ಮನೆಬಾಗಿಲಿಗೆ ಹೋದರೆ ಭಾಷಣ ಬೇಕಿಲ್ಲ. ಬಾಯಿ ಮುಕ್ಕಳಿಸಲು ಹೇಳಿ, ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ, ಒಸಡು, ನಾಲಿಗೆಯ ಅಂಚು, ಅಡಿಭಾಗ ನೋಡಿಸಿದರೆ ಸಾಕು. ಬಿಳಿ ಅಥವಾ ಕೆಂಪು ಮಚ್ಚೆ, 2 ವಾರವಾದರೂ ಮಾಯದ ಹುಣ್ಣು, 3 ಬೆರಳು ಒಂದರ ಮೇಲೊಂದು ಇಟ್ಟರೆ ಒಳಗೆ ಹೋಗದಷ್ಟು ಬಿಗಿದ ಬಾಯಿ ಕಂಡರೆ ಡಾಕ್ಟರಿಗೆ ತೋರಿಸಲೇಬೇಕು. ನೋವಿಲ್ಲವಲ್ಲ ಅಂತ ಬಿಡಬೇಡಿ, ಶುರುವಿನಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ.

ಕೆಲಸ ಕೆಡುವುದು ಆಮೇಲೆ. ಆಸ್ಪತ್ರೆಗೆ ಬರೆದುಕೊಟ್ಟ ಚೀಟಿ ಜೇಬಲ್ಲೇ ಉಳಿಯುತ್ತದೆ. ಬಯಾಪ್ಸಿ, ಅಂದರೆ ಚೂರು ಮಾಂಸ ತೆಗೆದು ಮಾಡೋ ಪರೀಕ್ಷೆ, ಮಾಡಿಸಿದರೆ ರೋಗ ಹರಡುತ್ತೆ ಅನ್ನೋ ಸುಳ್ಳು ಭಯ ಬೇರೆ! ಅದನ್ನು ಮಾಡಿಸಿಕೊಂಡೇ ಬದುಕಿದವರು ಎದುರಿಗೆ ನಿಂತು ‘ಬನ್ನಿ, ನಾನೂ ಬರ್ತೀನಿ’ ಅಂದರೆ ಮಾತಿಗೆ ತೂಕ ಬರುತ್ತೆ. ಅವರಿಗೆ ಬಸ್ ಚಾರ್ಜಾದರೂ ಕೊಡಬೇಡ್ವಾ?