ಡ್ರಿಪ್ ಬಾಟಲಿ ಕೆಂಪು ಚೀಲಕ್ಕೆ ಬೀಳುವ ಮೊದಲು

ಆಸ್ಪತ್ರೆಯಲ್ಲಿ ರೋಗಿಗಳ ರಕ್ತಕ್ಕೆ ಸೋಂಕು ಡ್ರಿಪ್ ದ್ರಾವಣದಿಂದಲೇ ಬಂತೇ ಎಂದು ಪತ್ತೆಹಚ್ಚುವುದು ಹೀಗೆ. ಉಡುಪಿ, ಮಂಗಳೂರು ಕಡೆ ಮಳೆಗಾಲದಲ್ಲಿ ಬ್ಲಡ್ ಕಲ್ಚರ್ (ರಕ್ತದಲ್ಲಿನ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ವರದಿ 'ಬರ್ಖೋಲ್ಡೇರಿಯಾ ಸೆಪೇಸಿಯಾ' ಎಂಬ ಬ್ಯಾಕ್ಟೀರಿಯಾ ಎಂದು ಬಂದರೆ ಮೊದಲು ಅದನ್ನು ಗುರುತಿಸಿದ ಯಂತ್ರವನ್ನೇ ಅನುಮಾನಿಸಬೇಕು. ನಮ್ಮ ಗದ್ದೆ ಮಣ್ಣಿನಿಂದ ಮೆಲಿಯೊಯ್ಡೋಸಿಸ್ ಎಂಬ ಸೋಂಕು ರೋಗ ತರುವ, ಅದೇ ಕುಲದ ಬರ್ಖೋಲ್ಡೇರಿಯಾ ಸ್ಯೂಡೋಮಲೈಯನ್ನು ಯಂತ್ರ ಸೆಪೇಸಿಯಾ ಎಂದು ಓದುವುದುಂಟು. ಎರಡಕ್ಕೂ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ನಾಟದು. ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ಗೆ ಸ್ಯೂಡೋಮಲೈ ಸಾಮಾನ್ಯವಾಗಿ ಬಗ್ಗುತ್ತದೆ, ಸೆಪೇಸಿಯಾ ಬಗ್ಗುವುದಿಲ್ಲ. ಸ್ಯೂಡೋಮಲೈ ಗುರುತಿಸುವ ಲೇಟೆಕ್ಸ್ ಪರೀಕ್ಷೆಯನ್ನೂ ಮಾಡಿಬಿಡಿ.

ಸೆಪೇಸಿಯಾವೇ ಹೌದು, ಒಂದೇ ವಾರದಲ್ಲಿ ಎರಡು-ಮೂರು ರೋಗಿಗಳಲ್ಲಿ ಸಿಕ್ಕಿದೆ ಎಂದಾದರೆ ಹುಡುಕಬೇಕಾದದ್ದು ದ್ರಾವಣವನ್ನು. ಸೆಪೇಸಿಯಾ ಡಿಸ್ಟಿಲ್ಡ್ ವಾಟರಿನಲ್ಲೂ, ತೆಳು ಮಾಡಿದ ಆಂಟಿಸೆಪ್ಟಿಕ್‌ನಲ್ಲೂ ಬೆಳೆಯುತ್ತದೆ. ಕ್ಲೆಬ್ಸಿಯೆಲ್ಲಾ, ಎಂಟೆರೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸಿಕ್ಕರೆ ಸಕ್ಕರೆ ದ್ರಾವಣವಾದ 5% ಡೆಕ್ಸ್‌ಟ್ರೋಸ್ ಕಡೆಗೂ ಕಣ್ಣಿರಲಿ. ಬಾಟಲಿ ತಿಳಿಯಾಗಿದೆ ಎಂದು ನಂಬುವ ಹಾಗಿಲ್ಲ: ಮಿಲಿಗೆ 10 ಲಕ್ಷ ಬ್ಯಾಕ್ಟೀರಿಯಾ ಇದ್ದರೂ ಕಲಕು ಕಾಣದೇ ಇರಬಹುದು.

ಸಾಕ್ಷ್ಯವಾದ ಬಳಸಿದ ಬಾಟಲಿ ಆಸ್ಪತ್ರೆಯ ಪ್ಲಾಸ್ಟಿಕ್ ಕಸದ ಕೆಂಪು ಚೀಲ ಸೇರಿ ಹೋಗುವುದು ಕಸದ ಗಾಡಿಯಲ್ಲಿ. ಹಾಗಾಗಿ ಮೊದಲ ಫೋನ್ ಕಸ ಒಯ್ಯುವವರಿಗೆ. ಬಾಟಲಿಯನ್ನು ಸೆಟ್ (ಡ್ರಿಪ್ ಕೊಳವೆ) ಸಮೇತ ಕ್ಲಾಂಪ್ ಮುಚ್ಚಿ, ತುದಿಗೆ ಸ್ಟೆರೈಲ್ ಕ್ಯಾಪ್ ಹಾಕಿ, ಪ್ರತ್ಯೇಕ ಚೀಲದಲ್ಲಿ 2–8 ಡಿಗ್ರಿಯಲ್ಲಿಡಿ. ಬ್ಯಾಚ್ ನಂಬರ್ ಕೇಸ್‌ಶೀಟಿನಲ್ಲಿ ಸಿಗುವುದು ಅಪರೂಪ, ಫಾರ್ಮಸಿಯ ಇಂಡೆಂಟ್ (ವಾರ್ಡುಗಳ ಬೇಡಿಕೆ) ಪುಸ್ತಕ ತೆಗೆಸಿ.

ಪಟ್ಟಿ ಮಾಡುವಾಗ ಜ್ವರ ಬಂದವರ ಹಿಂದಿನ 48 ಗಂಟೆಗಳ ಡ್ರಿಪ್, ಫ್ಲಶ್ (ಕೊಳವೆ ತೊಳೆಯುವ ಸಲೈನ್), ಇಂಜೆಕ್ಷನ್ ಎಲ್ಲ ಬರೆಯಿರಿ. ಜ್ವರ ಬಾರದ ಪಕ್ಕದ ಹಾಸಿಗೆಯವರದ್ದೂ ಬೇಕು. ಸಲೈನ್ ಎಲ್ಲರಿಗೂ ಹೋಗಿರುತ್ತದೆ, ಹೋಲಿಕೆ ಇಲ್ಲದಿದ್ದರೆ ಅದೇ ಅಪರಾಧಿಯಾಗಿ ಕಾಣುತ್ತದೆ.

ಲ್ಯಾಬಿನಲ್ಲಿ ಒಂದು ಹನಿಯನ್ನು ಪ್ಲೇಟಿಗೆ ಸವರಿ 'ಬೆಳವಣಿಗೆ ಇಲ್ಲ' ಎಂದು ಬರೆಯುವುದು ಏನೂ ಮಾಡದಿದ್ದಕ್ಕೆ ಸಮ. 100 ಮಿಲಿ ದ್ರಾವಣವನ್ನು 0.45 ಮೈಕ್ರಾನ್ ರಂಧ್ರದ ಸೋಸುವ ಮೆಂಬ್ರೇನ್‌ನಲ್ಲಿ ಸೋಸಿ, ಆ ಮೆಂಬ್ರೇನನ್ನೇ ಕಲ್ಚರಿಗಿಡಿ. ತೆರೆಯದ ಬಾಟಲಿಯಾದರೆ ಶುದ್ಧ ಗಾಳಿ ಹರಿಯುವ ಲ್ಯಾಮಿನಾರ್ ಹುಡ್ಡಿನೊಳಗೆ, ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಲು ಬಿಟ್ಟು ಚುಚ್ಚಿ.

ತೆರೆದ ಬಾಟಲಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಸಿಕ್ಕರೆ ಹೆಚ್ಚಾಗಿ ತಪ್ಪು ವಾರ್ಡಿನದ್ದು. 500 ಮಿಲಿ ಸಲೈನಿಗೆ ಸೂಜಿ ಚುಚ್ಚಿಟ್ಟು ದಿನವಿಡೀ ಎಲ್ಲರಿಗೂ ಫ್ಲಶ್ ಎಳೆಯುವ ಅಭ್ಯಾಸವನ್ನು ಮೊದಲು ನೋಡಿ, ಆಮೇಲೆ ಬಾಟಲಿಯೊಳಗೆ ಗಾಳಿ ಹೋಗಲೆಂದು ಚುಚ್ಚುವ ಸೂಜಿ. ತೆರೆಯದ ಬಾಟಲಿಯಲ್ಲೂ ಅದೇ ತಳಿ ಸಿಕ್ಕರೆ ಕಾರ್ಖಾನೆ. ಅಮೆರಿಕದಲ್ಲಿ 1970–71ರಲ್ಲಿ ಹಲವು ಆಸ್ಪತ್ರೆಗಳಿಗೆ ಹಬ್ಬಿದ ಸೋಂಕಿನ ಮೂಲ ಡ್ರಿಪ್ ಬಾಟಲಿಯ ತಿರುಪು ಮುಚ್ಚಳದ ಒಳಪದರ.

ಅನುಮಾನ ಗಟ್ಟಿಯಾದರೆ ಲ್ಯಾಬ್ ವರದಿಗೆ ಕಾಯದೆ ಆ ಬ್ಯಾಚ್ ನಿಲ್ಲಿಸಿ, ಔಷಧ ನಿಯಂತ್ರಣ ಇಲಾಖೆಗೆ ತಿಳಿಸಿ. ಡ್ರಗ್ ಇನ್‌ಸ್ಪೆಕ್ಟರ್ ತಾವೇ ಸ್ಯಾಂಪಲ್ ತೆಗೆದು ಸೀಲ್ ಮಾಡಬೇಕು. ಉತ್ಸಾಹದಲ್ಲಿ ಇಡೀ ಸ್ಟಾಕ್ ನಾವೇ ತೆರೆದುಬಿಟ್ಟರೆ ಅವರಿಗೆ ಏನೂ ಉಳಿಯುವುದಿಲ್ಲ.