ಒಲಿಂಪಿಕ್ಸ್ ಈಜುಗಾರ ಶೆರಿಫ್ ಆದ ಕಥೆ, ಒಬ್ಬ ಕೋಚ್ ಹೇಳುವಂತೆ

ಈಜು ಕೋಚ್‌ಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ‘ಸರ್, ಇದೆಲ್ಲ ಮುಗಿದ ಮೇಲೆ ಮುಂದೇನು?’ ಟೈಮಿಂಗ್ ಇಳಿಯುವುದು ನಿಂತ ಸೀನಿಯರ್ ಹುಡುಗರು ಕೇಳುತ್ತಾರೆ. ಒಮ್ಮೊಮ್ಮೆ ಅವರ ಅಪ್ಪ ಅಮ್ಮ ಕೇಳುತ್ತಾರೆ. ನಾನು ಡ್ಯೂಕ್ ಕಹಾನಮೋಕು ಅವರ ಕಥೆ ಹೇಳುತ್ತೇನೆ. ಒಲಿಂಪಿಕ್ಸ್ ಚಿನ್ನ ಗೆದ್ದು, ಆಮೇಲೆ ತಮ್ಮೂರು ಹೊನೊಲುಲುವಿನಲ್ಲಿ ಚುನಾವಣೆಗೆ ನಿಂತು ಶೆರಿಫ್ ಆದವರು. ಕೇಳಿದರೆ ಸಿನಿಮಾ ಥರ ಇದೆ, ಅಲ್ವಾ? ಆದರೆ ಕೊನೆಯ ಪದಕಕ್ಕೂ ಆ ಕುರ್ಚಿಗೂ ನಡುವೆ ಹತ್ತು ವರ್ಷ ಇದೆ. ನಾನು ಜಾಸ್ತಿ ಮಾತಾಡುವುದು ಆ ಹತ್ತು ವರ್ಷದ ಬಗ್ಗೆ.

ಮೊದಲು ಈಜಿನ ವಿಷಯ. ಡ್ಯೂಕ್ ಹುಟ್ಟಿದ್ದು 1890ರ ಆಗಸ್ಟ್ 24ರಂದು. ಹವಾಯಿಯಲ್ಲಿ ಆಗಿನ್ನೂ ರಾಜರ ಆಳ್ವಿಕೆ. ಅಪ್ಪ ಪೊಲೀಸ್. ಈಜು ಕಲಿತದ್ದು ವೈಕಿಕಿಯ ಸಮುದ್ರದಲ್ಲಿ. 1911ರಲ್ಲಿ ಹೊನೊಲುಲು ಬಂದರಿನಲ್ಲಿ ನಡೆದ ಸ್ಪರ್ಧೆಯಲ್ಲಿ 100 ಗಜವನ್ನು 55.4 ಸೆಕೆಂಡಿನಲ್ಲಿ ಈಜಿದರು. ಆಗಿನ ದಾಖಲೆಗಿಂತ 4.6 ಸೆಕೆಂಡು ಕಡಿಮೆ! ಅಮೆರಿಕದ ಅಮೆಚೂರ್ ಅಥ್ಲೆಟಿಕ್ ಯೂನಿಯನ್ ಅದನ್ನು ಒಪ್ಪಲೇ ಇಲ್ಲ. ನೀರಿನ ಸೆಳೆತ ಸಹಾಯ ಮಾಡಿರಬೇಕು ಅನ್ನುವ ಅನುಮಾನ. ಕೋಚ್ ಆಗಿ ಒಂದು ಮಾತು ಸೇರಿಸುತ್ತೇನೆ: ಕೊಳದಲ್ಲಿ ಈಜುವವನಿಗೆ ಪ್ರತಿ ಟರ್ನ್‌ನಲ್ಲೂ ಗೋಡೆ ಒದ್ದು ಮುಂದೆ ಚಿಮ್ಮುವ ಲಾಭ ಇರುತ್ತದೆ. ಬಂದರಿನ ನೇರ ದಾರಿಯಲ್ಲಿ ಆ ಗೋಡೆ ಎಲ್ಲಿಂದ ಬರಬೇಕು?

ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್. 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ. 1916ರ ಕ್ರೀಡಾಕೂಟ ಯುದ್ಧದಿಂದ ರದ್ದಾಯಿತು. ಈಜುಗಾರನಿಗೆ ಇಪ್ಪತ್ತೈದು ಇಪ್ಪತ್ತಾರು ಒಳ್ಳೆಯ ವಯಸ್ಸು, ಅದು ಹಾಗೇ ಕೈತಪ್ಪಿತು. 1920ರಲ್ಲಿ ಆಂಟ್‌ವರ್ಪ್‌ನಲ್ಲಿ, ಮೂವತ್ತನೇ ಹುಟ್ಟುಹಬ್ಬದ ದಿನವೇ, 60.4 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಮತ್ತೆ ಗೆದ್ದರು. ಆದರೆ ಪಕ್ಕದವನು ಅಡ್ಡ ಬಂದ ಅಂತ ಆಸ್ಟ್ರೇಲಿಯಾದ ವಿಲಿಯಂ ಹೆರಾಲ್ಡ್ ದೂರು ಕೊಟ್ಟರು. ಫೈನಲ್ಲನ್ನು ಇನ್ನೊಮ್ಮೆ ನಡೆಸಬೇಕಾಯಿತು. ಗೆದ್ದವನಿಗೆ ‘ಮತ್ತೆ ನೀರಿಗಿಳಿ’ ಅಂದರೆ ಹೇಗಾಗಬೇಡ! ಡ್ಯೂಕ್ ಇಳಿದರು, ಮತ್ತೆ ಮೊದಲು ಬಂದರು. ರೆಫರಿ ಮೇಲೆ ಮುನಿಸಿಕೊಂಡು ಟವೆಲ್ ಎಸೆಯುವ ಹುಡುಗರಿಗೆ ಈ ಭಾಗವನ್ನು ಬಿಡದೆ ಹೇಳುತ್ತೇನೆ.

1924ರ ಪ್ಯಾರಿಸ್‌ನಲ್ಲಿ ಜಾನಿ ವೈಸ್‌ಮುಲ್ಲರ್ ಮೊದಲು, ಡ್ಯೂಕ್ ಎರಡನೆಯವರು, ಮೂರನೆಯವರು ಅವರ ತಮ್ಮ ಸ್ಯಾಮ್.

ಇನ್ನು ಆ ಹತ್ತು ವರ್ಷ. ಆಗಿನ ನಿಯಮದ ಪ್ರಕಾರ ಆಟದಿಂದ ದುಡ್ಡು ಮುಟ್ಟಿದರೆ ಒಲಿಂಪಿಕ್ಸ್ ಬಾಗಿಲು ಬಂದ್. ಸ್ಟಾಕ್‌ಹೋಮ್‌ನಲ್ಲೇ ಎರಡು ಚಿನ್ನ ಗೆದ್ದಿದ್ದ ಜಿಮ್ ಥೋರ್ಪ್, ಹಿಂದೊಮ್ಮೆ ದುಡ್ಡಿಗೆ ಬೇಸ್‌ಬಾಲ್ ಆಡಿದ್ದು ಗೊತ್ತಾಗಿ 1913ರಲ್ಲಿ ಪದಕ ಕಳೆದುಕೊಂಡರು. ಅದನ್ನು ನೋಡಿದ ಮೇಲೆ ಯಾರಿಗೆ ಧೈರ್ಯ ಬರುತ್ತದೆ? ಡ್ಯೂಕ್ ಹೆಸರು ಊರೂರಿಗೂ ಗೊತ್ತಿತ್ತು, ನೆಟ್ಟಗೆ ಒಂದು ಉದ್ಯೋಗ ಇರಲಿಲ್ಲ. ಹಾಲಿವುಡ್‌ನಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದರು. ಹೊನೊಲುಲುವಿಗೆ ಮರಳಿ ಪೆಟ್ರೋಲ್ ಬಂಕ್ ನಡೆಸಿದರು. ನಡುವೆ 1925ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್ ಹತ್ತಿರ ಒಂದು ದೋಣಿ ಮಗುಚಿದಾಗ, ಸರ್ಫ್‌ಬೋರ್ಡ್ ಹಿಡಿದು ಅಲೆಗೆ ನುಗ್ಗಿ ಎಂಟು ಜನರನ್ನು ದಡಕ್ಕೆ ತಂದರು. ಅದೂ ಸಂಬಳ ತರುವ ಕೆಲಸವಲ್ಲ.

ಹಾಗಾಗಿ 1934ರಲ್ಲಿ ಅವರು ಶೆರಿಫ್ ಚುನಾವಣೆಗೆ ನಿಂತದ್ದನ್ನು ‘ಚಾಂಪಿಯನ್ ರಾಜಕೀಯಕ್ಕೆ ಇಳಿದರು’ ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ. ನಲವತ್ತನಾಲ್ಕರ ವಯಸ್ಸಿಗೆ ಅವರಿಗೆ ಒಂದು ಭದ್ರ ಕೆಲಸ ಸಿಕ್ಕಿತು. ನಾನು ಅದನ್ನು ನೋಡುವುದು ಹಾಗೆ.

ಆ ಕೆಲಸವಾದರೂ ಎಂಥದ್ದು? ಶೆರಿಫ್ ಅಂದ ಕೂಡಲೇ ನಮ್ಮ ಹುಡುಗರ ಕಣ್ಣಿಗೆ ಕುದುರೆ, ಪಿಸ್ತೂಲು ಬರುತ್ತದೆ. ಹೊನೊಲುಲುವಿನಲ್ಲಿ 1932ರಲ್ಲೇ ಪೊಲೀಸ್ ಇಲಾಖೆಯನ್ನು ಶೆರಿಫ್ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿದ್ದರು. ಉಳಿದದ್ದು ಜೈಲಿನ ಉಸ್ತುವಾರಿ, ಕೋರ್ಟ್ ಸಮನ್ಸ್ ತಲುಪಿಸುವುದು, ಅಸಹಜ ಸಾವುಗಳ ವಿಚಾರಣೆ. ಜೊತೆಗೆ ಊರಿಗೆ ಬರುವ ಗಣ್ಯರ ಕೈ ಕುಲುಕುವುದು. ಅದು ಯಾವ ಕಾನೂನಿನಲ್ಲೂ ಇಲ್ಲದಿದ್ದರೂ ಅವರ ಪಾಲಿಗೆ ಬಂದದ್ದು. ಎರಡು ವರ್ಷಕ್ಕೊಮ್ಮೆ ಚುನಾವಣೆ. ಮೊದಲು ಡೆಮಾಕ್ರಟಿಕ್ ಪಕ್ಷದಿಂದ, ಮುಂದೆ ರಿಪಬ್ಲಿಕನ್ ಪಕ್ಷದಿಂದ, ಒಟ್ಟು 13 ಸಲ ಗೆದ್ದರು. ಹೊಸ ನಗರ ಸನ್ನದಿನಲ್ಲಿ ಹುದ್ದೆಯೇ ರದ್ದಾಗಿ 1961ರಲ್ಲಿ ಅಧಿಕಾರ ಬಿಡುವವರೆಗೂ ಯಾರಿಗೂ ಅವರನ್ನು ಸೋಲಿಸಲು ಆಗಲಿಲ್ಲ.

ಮೊದಲ ಸಲ ಪದಕ ಗೆಲ್ಲಿಸಿರಬಹುದು. ಹದಿಮೂರೂ ಸಲ ಅದೇ ಗೆಲ್ಲಿಸಿತು ಅಂತ ನಾನು ನಂಬುವುದಿಲ್ಲ. ಜನರ ಎದುರು ನಿಲ್ಲುವುದು, ಮಾತು ಕೇಳಿಸಿಕೊಳ್ಳುವುದು ಬೇರೆಯೇ ಕಸರತ್ತು. ಡ್ಯೂಕ್ ಅದನ್ನು ಬೀಚ್‌ನಲ್ಲಿ ಕಲಿತಿದ್ದರು ಅಂತ ನನ್ನ ಅಂದಾಜು. ಬೆಳೆದದ್ದೇ ಬಂದು ಹೋಗುವ ಜನರ ನಡುವೆ. ನಮ್ಮ ಹುಡುಗರಿಗೆ ಅದಿಲ್ಲ. ಅವರ ದಿನ ಶುರುವಾಗುವುದೇ ನೀರಿನೊಳಗೆ ಮುಖ ಹಾಕಿ. ತಳದ ಕಪ್ಪು ಗೆರೆ ನೋಡುತ್ತಾ ಗಂಟೆಗಟ್ಟಲೆ ಲ್ಯಾಪ್. ಯಾರ ಜೊತೆಗೂ ಮಾತಿಲ್ಲ. ಗೆದ್ದರೋ ಸೋತರೋ ಅಂತ ಹೇಳಲು ಸ್ಟಾಪ್‌ವಾಚ್ ಇದೆ, ಯಾರನ್ನೂ ಒಪ್ಪಿಸುವ ಅಗತ್ಯವೇ ಇಲ್ಲ. ಈಜು ಶಿಸ್ತು ಕಲಿಸುತ್ತದೆ ಅಂತ ಭಾಷಣದಲ್ಲಿ ಹೇಳುತ್ತೇವಲ್ಲ, ಆ ಶಿಸ್ತು ತಕರಾರು ಹೊತ್ತು ಬಂದ ಹತ್ತು ಜನರ ಮುಂದೆ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವಿದೆ.

ಅದಕ್ಕೇ ನಮ್ಮಲ್ಲಿ ಜೂನಿಯರ್ ಮೀಟ್ ನಡೆದಾಗ ಸೀನಿಯರ್‌ಗಳಿಗೆ ಡ್ಯೂಟಿ ಹಾಕುತ್ತೇನೆ. ಟೈಮ್‌ಕೀಪಿಂಗ್, ಹೀಟ್ ಶೀಟ್ (ಯಾವ ಹೀಟ್‌ನಲ್ಲಿ, ಅಂದರೆ ಯಾವ ಸುತ್ತಿನಲ್ಲಿ, ಯಾರು ಈಜಬೇಕು ಅನ್ನುವ ಪಟ್ಟಿ), ಲೇನ್ ಹಂಚುವುದು. ಎಲ್ಲಕ್ಕಿಂತ ಕಷ್ಟದ್ದು ಕಾಲ್ ರೂಮ್, ಅಂದರೆ ರೇಸ್‌ಗೆ ಮುಂಚೆ ಹೆಸರು ಕೂಗಿ ಈಜುಗಾರರನ್ನು ಸೇರಿಸುವ ಜಾಗ.

ಒಂದು ಮೀಟ್‌ನಲ್ಲಿ ಕಾಲ್ ರೂಮ್‌ಗೆ ಬ್ಯಾಕ್‌ಸ್ಟ್ರೋಕ್ ಈಜುವ ಒಬ್ಬ ಹುಡುಗಿ ಇದ್ದಳು. ಮಾತು ಕಡಿಮೆ. ಒಬ್ಬ ಹುಡುಗ ಟಾಯ್ಲೆಟ್‌ಗೆ ಹೋಗಿ ಹೀಟ್ ತಪ್ಪಿಸಿಕೊಂಡ. ಅವನ ಅಪ್ಪ ಬಂದು ಎಲ್ಲರೆದುರು ಕೂಗಾಡಿದರು. ನಾನು ಆಚೆ ಬದಿಯಲ್ಲಿದ್ದೆ, ಬೇಕಂತಲೇ ಹತ್ತಿರ ಹೋಗಲಿಲ್ಲ. ಅವಳು ಪಟ್ಟಿ ತಿರುಗಿಸಿ ಹೆಸರು ಕೂಗಿದ ಹೊತ್ತು ತೋರಿಸಿದಳು. ಅವರು ನೋಡಲೂ ಇಲ್ಲ. ‘ಒಂದ್ನಿಮಿಷ ಇರಿ ಅಂಕಲ್’ ಅಂತ ರೆಫರಿ ಹತ್ತಿರ ಹೋಗಿ, ಮುಂದಿನ ಹೀಟ್‌ನಲ್ಲಿ ಖಾಲಿ ಲೇನ್ ಇದೆಯಾ ಅಂತ ಕೇಳಿದಳು. ರೆಫರಿ ತಲೆ ಅಲ್ಲಾಡಿಸಿದರು. ಬರಿಗೈಲಿ ವಾಪಸ್ ಬಂದು ಅದೇ ಅಪ್ಪನ ಎದುರು ನಿಂತು, ‘ಕೇಳಿದೆ ಅಂಕಲ್, ಆಗಲಿಲ್ಲ. ಮಧ್ಯಾಹ್ನ ಅವನ ಬಟರ್‌ಫ್ಲೈ ಇದೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ’ ಅಂದಳು. ಅವರು ಗೊಣಗುತ್ತಲೇ ಹೋದರು. ಮಧ್ಯಾಹ್ನ ಇವಳು ಗ್ಯಾಲರಿಗೆ ಹೋಗಿ ಹುಡುಗನನ್ನು ಕರೆತಂದಳು.

ಕಾರ್ಪೊರೇಟರ್ ಕೆಲಸದ ಅರ್ಧ ಭಾಗ ಇದೇ ಇರಬೇಕು ಅನ್ನಿಸಿತು ನನಗೆ. ‘ಆಗಲಿಲ್ಲ’ ಅನ್ನುವುದನ್ನು ತಪ್ಪಿಸಿಕೊಳ್ಳದೆ ಎದುರಿಗೇ ಹೇಳುವುದು. ಅವಳು ಚುನಾವಣೆಗೆ ನಿಲ್ಲುತ್ತಾಳೋ, ಬ್ಯಾಂಕ್ ಸೇರುತ್ತಾಳೋ, ಅದು ಅವಳಿಗೆ ಬಿಟ್ಟದ್ದು.

ಪೋಷಕರಿಂದ ತಕರಾರು ಬರುತ್ತದೆ. ‘ಈಜು ಕಲಿಸೋಕೆ ಫೀಸ್ ಕೊಡ್ತೀವಿ ಸರ್, ಪಟ್ಟಿ ಹಿಡಿಯೋಕಲ್ಲ.’ ತರಬೇತಿ ಹಾಳಾಗುತ್ತದೆ ಅನ್ನುವ ಅವರ ಚಿಂತೆ ನ್ಯಾಯವೇ. ಅದಕ್ಕೆ ಈಗ ಸಾಧ್ಯವಾದಷ್ಟು ಡ್ಯೂಟಿಗಳನ್ನು ಟೇಪರ್ ವಾರಕ್ಕೆ ಹೊಂದಿಸುತ್ತೇನೆ. ದೊಡ್ಡ ಸ್ಪರ್ಧೆಗೆ ಮುಂಚೆ ಲ್ಯಾಪ್ ಹೇಗೂ ಇಳಿಸಿರುತ್ತೇವೆ, ಹುಡುಗರಿಗೆ ಮೈಯಲ್ಲಿ ಶಕ್ತಿ ಉಕ್ಕಿ ಸುಮ್ನೆ ಕೂರಲು ಆಗುವುದಿಲ್ಲ. ಕಾಲು ದಣಿಯಬಾರದು ಅಂತ ಕಾಲ್ ರೂಮ್‌ನಲ್ಲಿ ಒಂದು ಕುರ್ಚಿ ಹಾಕಿಸಿದ್ದೇನೆ. ಅದರಲ್ಲಿ ಯಾರೂ ಕೂತದ್ದನ್ನು ನಾನು ನೋಡಿಲ್ಲ, ಅದು ಬೇರೆ ಮಾತು.