ಎಡಗಣ್ಣಿಗೆ ಎರಡು ದೀಪ

ಇವತ್ತು ರಾತ್ರಿ ತೀರ್ಥಹಳ್ಳಿಯಲ್ಲಿ ಬಸ್ಸಿಳಿದರೆ ಸ್ಟ್ಯಾಂಡಿನ ದೀಪ ಎರಡು! ಎಡಗಣ್ಣು ಮುಚ್ಚಿದರೆ ಒಂದೇ. ಇಷ್ಟು ದಿನ ಮಳೆಗೆ ಹಾಗೆ ಕಾಣುತ್ತೆ ಅಂತ ಸುಮ್ನಿದ್ದೆ.

ನಾನು ಕನ್ನಡಕ ಬಿಡೋಕೆ ಮಾಡಿಸಿಕೊಂಡ ಸ್ಮೈಲ್ ಲೇಸರ್ ಆಪರೇಷನ್‌ನಲ್ಲಿ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಒಳಗೇ ತೆಳು ಬಿಲ್ಲೆಯೊಂದನ್ನು ಕತ್ತರಿಸಿ, 2ರಿಂದ 4 ಮಿಲಿಮೀಟರ್ ಸೀಳಿನಿಂದ ಹೊರಗೆ ಎಳೆಯುತ್ತಾರೆ, ನನ್ನದರಲ್ಲಿ ಒಂದು ಚೂರು ಒಳಗೇ ಉಳಿದಿದೆಯಂತೆ. ಅಮ್ಮನಿಗೆ ಹೇಳಿದೆ. ‘ಹಲಸಿನ ಬೀಜದ ಸಿಪ್ಪೆ ಬಿಡಿಸುವಾಗ ಒಂಚೂರು ಅಂಟಿಕೊಂಡೇ ಇರುತ್ತಲ್ಲ, ಹಾಗಾ?’ ಅಂದಳು. ಡಾಕ್ಟರಿಗಿಂತ ಚೆನ್ನಾಗಿ ಹೇಳಿದಳು ಮಾರಾಯ್ರೆ.

ಅಂಚಿನಲ್ಲಿದ್ದು ತೊಂದರೆ ಕೊಡದಿದ್ದರೆ ಹಾಗೇ ಬಿಟ್ಟು ನೋಡುವುದೂ ಉಂಟು. ನನ್ನದು ನಡುವಿನಲ್ಲೇ ಕೂತಿದೆ, ಅದೇ ಸೀಳು ಬಿಡಿಸಿ ತೆಗೆಯಬೇಕು. ಸೋಮವಾರ ಮತ್ತೆ ಶಿವಮೊಗ್ಗ.

ಅಲ್ಲಿಯವರೆಗೆ ರಾತ್ರಿ ಬೈಕ್ ಬಂದ್. ಒಂದು ಲಾರಿ ಎರಡಾಗಿ ಬಂದರೆ ಯಾವುದಕ್ಕೆ ದಾರಿ ಬಿಡೋದು ಹೇಳಿ?